ಹಳದಿ, ಒಂದು ಲೋಟ, ಪಾಸ್ ಇಲ್ಲ

ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಿದ್ದ ಅವನನ್ನು ಕಾವಲುಗಾರ ಎಂದು ಕರೆದರೆ ಮೈಯೆಲ್ಲ ಉರಿಯುತ್ತಿತ್ತು. ತಾನು ಗೇಟ್ ಅಧಿಕಾರಿ ಎಂದು ಅವನೇ ತೀರ್ಮಾನಿಸಿ, ಅವನೇ ಒಪ್ಪಿ, ಅವನೇ ಜಾರಿಗೆ ತಂದು ಹನ್ನೊಂದು ವರ್ಷವಾಗಿತ್ತು. ಈ ಸುದ್ದಿ ಉಳಿದವರಿಗೆ ಇನ್ನೂ ತಲುಪಿರಲಿಲ್ಲ. ಅವರೆಲ್ಲ ಅವನನ್ನು ಎಂಟ್ರಪ್ಪ ಎನ್ನುತ್ತಿದ್ದರು. ಗೇಟಿನ ಹತ್ತಿರ ನೊಣ ಹಾರಿದರೂ "ಎಂಟ್ರಿ ಆಗ್ಬೇಕು" ಎಂದು ಪೆನ್ನು ತೆಗೆಯುವ ಆಸಾಮಿ ಅವನು.

ಅವನ ಮೇಜಿನ ಮೇಲೆ ಎರಡು ರಿಜಿಸ್ಟರು. ಒಳಗೆ ಬರುವ ಮಾಲಿಗೆ ನೀಲಿ ರಟ್ಟಿನದು, ಹೊರಗೆ ಹೋಗುವ ಮಾಲಿಗೆ ಕೆಂಪು ರಟ್ಟಿನದು. ಹೊತ್ತು, ಮಾಲು, ಪ್ರಮಾಣ, ಪಾಸ್ ನಂಬರು, ತೆಗೆದುಕೊಂಡವರು, ಷರಾ ಎಂದು ಆರು ಮನೆ. ಆರೂ ಮನೆ ತುಂಬದೆ ಒಂದು ಖಾಲಿ ಡಬ್ಬವೂ ಅವನ ಗೇಟು ದಾಟಿದ್ದಿಲ್ಲ. ಒಮ್ಮೆ ಸಾಕ್ಷಾತ್ ಮ್ಯಾನೇಜರರ ಛತ್ರಿಯನ್ನು ತಡೆದು, "ಕಪ್ಪು, ಒಂದು, ಕಡ್ಡಿ ಮುರಿದಿದೆ" ಎಂದು ಬರೆದ ಮೇಲೇ ಬಿಟ್ಟಿದ್ದ. ಅಷ್ಟರಲ್ಲಿ ಮ್ಯಾನೇಜರರು ತೊಯ್ದು ತೊಪ್ಪೆಯಾಗಿದ್ದರು.

ಇಂಥವನ ಮನೆಗೆ ಒಂದು ಭಾನುವಾರ ಮಧ್ಯಾಹ್ನ, ಯಾವ ಪಾಸೂ ಇಲ್ಲದೆ, ಯಾರನ್ನೂ ಕೇಳದೆ, ಒಂದು ವೈರಸ್ಸು ನುಗ್ಗಿತು.

ಮಗಳಿಗೆ ನಾಲ್ಕು ವರ್ಷ. ಇರುವುದೇ ಚೋಟುದ್ದ, ಹಾಗಾಗಿ ಚೋಟಿ. ಬೆಳಿಗ್ಗೆ ಅಜ್ಜಿಯ ಕನ್ನಡಕ ಮುರಿದು, ನಡುಹಗಲಿಗೆ ಕಪಾಟು ಹತ್ತಿ ಕೆಳಗೆ ಹಾರಿ, ಮೂರು ಗಂಟೆಗೆ ಇದ್ದಕ್ಕಿದ್ದಂತೆ ಸುಮ್ಮನಾದಳು. ಚೋಟಿ ಸುಮ್ಮನಾದಳೆಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಎತ್ತಿಕೊಳ್ಳಲು ಹೋದ ಅಪ್ಪನ ಹೆಗಲ ಮೇಲೆ ಮೊದಲ ವಾಂತಿ, ಒರೆಸಲು ಬಂದ ಅಮ್ಮನ ಕೈಮೇಲೆ ಎರಡನೆಯದು. ಆಮೇಲೆ ಶುರುವಾಯಿತು ನೋಡಿ ಭೇದಿ, ನಲ್ಲಿ ತಿರುಗಿಸಿಟ್ಟ ಹಾಗೆ.

ಮನೆಯಲ್ಲಿ ಕಾಯಿಲೆಗಿಂತ ಮೊದಲು ಸಲಹೆ ಹರಡಿತು. ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಹೊಟ್ಟೆಯ ವಿಷಯದಲ್ಲಿ ಒಂದೇ ಸಿದ್ಧಾಂತ. "ಮೇಲಿಂದ ಏನೂ ಹಾಕ್ಬೇಡಿ. ಹಾಕದಿದ್ರೆ ಕೆಳಗೆ ಏನು ಬರುತ್ತೆ? ನೀರೂ ಬೇಡ." ಮಹಡಿಯ ಮೇಲಿನ ಮೇಷ್ಟ್ರು ಸದ್ದು ಕೇಳಿ ಇಳಿದು ಬಂದರು. ಕೈಯಲ್ಲಿ ಒಂದು ಮಾತ್ರೆಯ ಹಾಳೆ. "ನನ್ನ ಕಿವಿನೋವಿಗೆ ಕೊಟ್ಟಿದ್ದು. ನಾಲ್ಕು ಉಳಿದಿವೆ. ಭಾರೀ ಪವರ್ರು."

"ಕಿವಿಗೆ ಕೊಟ್ಟಿದ್ದು ಹೊಟ್ಟೆಗೆ ಹೇಗೆ ಮೇಷ್ಟ್ರೇ?" ಎಂದ ಎಂಟ್ರಪ್ಪ.

"ಎಲ್ಲ ಒಂದೇ ಮೈ ಅಲ್ವೇನಯ್ಯಾ?"

ಹೆಂಡತಿ ಮಗಳನ್ನು ಟವೆಲಿನಲ್ಲಿ ಸುತ್ತಿ, ಗಂಡನ ಕೈಗೆ ಬಕೆಟ್ ಕೊಟ್ಟು, ಮಕ್ಕಳ ಡಾಕ್ಟ್ರಮ್ಮನ ಹತ್ತಿರ ನಡೆದಳು.

ಡಾಕ್ಟ್ರಮ್ಮ ಚೋಟಿಯ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಚರ್ಮ ಚಿವುಟಿ ಬಿಟ್ಟರು. "ವೈರಸ್ಸು. ಈ ವಾರ ಇಂಥವು ಇಪ್ಪತ್ತು ನೋಡಿದೆ. ಮಗು ಗಟ್ಟಿಮುಟ್ಟಾಗಿದೆ. ಮೂರ್ನಾಲ್ಕು ದಿನದಲ್ಲಿ ತಾನೇ ಹೋಗುತ್ತೆ."

"ಹೋಗೋದಕ್ಕೆ ಔಷಧಿ?" ಎಂದ ಎಂಟ್ರಪ್ಪ.

"ಇಲ್ಲ."

"ಇಂಜೆಕ್ಷನ್ನು?"

"ಬೇಡ."

"ಕೊನೇಪಕ್ಷ ಒಂದು ಕಹಿ ಟಾನಿಕ್ಕು?"

"ನಿಮಗೆ ಬೇಕಾ?" ಎಂದು ಡಾಕ್ಟ್ರಮ್ಮ ಒಂದು ಪೊಟ್ಟಣ ಮುಂದಿಟ್ಟರು. "ಉಪ್ಪು ಸಕ್ಕರೆ ಪುಡಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ. ಐದು ನಿಮಿಷಕ್ಕೆ ಎರಡು ಚಮಚ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಎರಡು ಚಮಚ. ಉಪವಾಸ ಕೆಡವಬೇಡಿ, ಕೇಳಿದ್ರೆ ತಿನ್ನೋಕೆ ಕೊಡಿ. ಎಲ್ಲರೂ ಸೋಪು ಹಾಕಿ ಕೈ ತೊಳ್ಕೊಳ್ಳಿ. ಎಷ್ಟು ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು ಅಂತ ಬರೆದಿಡಿ."

ಎಂಟ್ರಪ್ಪ ಎದ್ದು ನಿಂತ. ಕಣ್ಣಂಚು ಒದ್ದೆಯಾಗಿತ್ತು. ಹನ್ನೊಂದು ವರ್ಷ ಅವನ ವಿದ್ಯೆಯನ್ನು ಕಂಡು ಲೋಕವೇ ನಕ್ಕಿತ್ತು. ಈಗ ವೈದ್ಯಶಾಸ್ತ್ರವೇ ಬಾಯಿಬಿಟ್ಟು ಕೇಳುತ್ತಿದೆ. "ಡಾಕ್ಟ್ರಮ್ಮ, ಅದು ನನ್ನ ಡ್ಯೂಟಿನೇ. ನಾನು ಗೇಟ್ ಅಧಿಕಾರಿ."

"ಒಳ್ಳೇದಾಯ್ತು. ಎಲ್ಲಕ್ಕಿಂತ ಮುಖ್ಯವಾದ್ದು ಮೂತ್ರ. ಅದನ್ನ ಗಮನಿಸಿ. ಎಂಟು ಗಂಟೆ ಬರಲೇ ಇಲ್ಲ ಅಂದ್ರೆ, ಅತ್ತರೂ ಕಣ್ಣೀರಿಲ್ಲ ಅಂದ್ರೆ, ಎಬ್ಬಿಸಿದ್ರೂ ಏಳದೆ ತೂಕಡಿಸ್ತಿದ್ರೆ, ರಕ್ತ ಕಂಡ್ರೆ, ಒಂದು ನಿಮಿಷಾನೂ ಕಾಯದೆ ಕರ್ಕೊಂಡು ಬನ್ನಿ."

ಸೋಮವಾರ ಬೆಳಿಗ್ಗೆ ಅವನು ಮೊದಲು ಹೋದದ್ದು ಮ್ಯಾನೇಜರರ ಕೋಣೆಗೆ. ಕೋಣೆ ಹೊಸ ಬಣ್ಣದ ವಾಸನೆ ಹೊಡೆಯುತ್ತಿತ್ತು. ರಜಾ ಅರ್ಜಿ ಓದಿ ಮ್ಯಾನೇಜರರು ತಲೆ ಎತ್ತಿದರು.

"ಭೇದಿ ಯಾರಿಗಯ್ಯಾ? ನಿನಗಾ, ಮಗುಗಾ?"

"ಮಗುಗೆ ಸಾರ್."

"ಹಾಗಾದ್ರೆ ಮಗು ರಜಾ ತಗೊಳ್ಲಿ."

ಈ ಮಾತಿಗೆ ಮೊದಲು ನಕ್ಕವರು ಮ್ಯಾನೇಜರರೇ. ಅವರು ನಕ್ಕ ಮೇಲೆ ಉಳಿದವರು ನಗುವುದು ಸಂಬಳದಲ್ಲೇ ಸೇರಿದ ಕೆಲಸ. ನಿಂತಿದ್ದ ಮಿಕ್ಸಿಂಗ್ ಮೇಸ್ತ್ರಿ ನಕ್ಕ, ಟೈಪಿಸ್ಟ್ ನಕ್ಕಳು. ಮಕ್ಕಳಿಗೂ ಹೊಟ್ಟೆ ಇರುತ್ತದೆ, ಹೊಟ್ಟೆ ಕೆಟ್ಟರೆ ಎತ್ತಿಕೊಳ್ಳಲು ಎರಡು ಕೈ ಬೇಕಾಗುತ್ತದೆ ಎನ್ನುವುದನ್ನು ರಜಾ ನಿಯಮ ಬರೆದ ಮಹಾನುಭಾವರು ಕೇಳಿರಲಿಲ್ಲ. ಅವರು ಬಹುಶಃ ಹುಟ್ಟುವಾಗಲೇ ಟೈ ಕಟ್ಟಿಕೊಂಡು ಹುಟ್ಟಿದ್ದವರು.

"ಇವತ್ತು ಹೆಡ್ ಆಫೀಸಿಂದ ತಪಾಸಣೆ ಸಾಹೇಬರು ಬರ್ತಾರೆ," ಎಂದರು ಮ್ಯಾನೇಜರರು. "ನಿಂಬೆ ಹಳದಿ ನಲವತ್ತು ಲೀಟರ್ ಸ್ಟಾಕಲ್ಲಿ ಕಮ್ಮಿ ಇದೆಯಂತೆ. ಹೋಗು, ಗೇಟಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೂತ್ಕೋ."

ಅವನು ಗೇಟಿನಿಂದ ಮನೆಗೆ ಫೋನು ಮಾಡಿದ. ಬೆಂಕಿ ಹತ್ತುವ ಸಾಮಾನಿರುವ ಕಾರ್ಖಾನೆಯಾದ್ದರಿಂದ ಮೊಬೈಲುಗಳೆಲ್ಲ ಬೆಳಿಗ್ಗೆಯೇ ಪೆಟ್ಟಿಗೆಗೆ ಬಿದ್ದು ಬೀಗ ಹಾಕಿಸಿಕೊಳ್ಳುತ್ತಿದ್ದವು. ಇದ್ದದ್ದು ಗೇಟಿನ ಫೋನೊಂದೇ.

"ನಾನು ಬರೆಯೋದು ಎಲ್ಲಿ ಬಂತು?" ಎಂದಳು ಹೆಂಡತಿ. "ಒಂದು ಕೈಲಿ ಚಮಚ, ಇನ್ನೊಂದು ಕೈಲಿ ಬಕೆಟ್. ನಾನು ಬಾಯಲ್ಲಿ ಹೇಳ್ತೀನಿ, ನೀವು ಬರ್ಕೊಳ್ಳಿ."

ಇದಕ್ಕೆಂದೇ ಅವನು ಒಂದು ಚಿಕ್ಕ ನೋಟ್‌ಪುಸ್ತಕ ತಂದಿದ್ದ. ಅದು ಊಟದ ಚೀಲದ ತಳದಲ್ಲಿ ಸುಖವಾಗಿ ಮಲಗಿತ್ತು. ಏಳೂ ಇಪ್ಪತ್ತಕ್ಕೆ ಫೋನು ಬಡಿದುಕೊಂಡಿತು. ಮೇಜಿನ ಮೇಲೆ ಕೆಂಪು ರಿಜಿಸ್ಟರು ತೆರೆದಿತ್ತು. ಹನ್ನೊಂದು ವರ್ಷದ ಅಭ್ಯಾಸದ ಕೈ. ಅದು ಧಣಿಯನ್ನು ಕೇಳಲಿಲ್ಲ. ಹೆಂಡತಿ ಹೇಳುತ್ತ ಹೋದಳು, ಕೈ ಬರೆಯುತ್ತ ಹೋಯಿತು.

ಆರು ಎಂಟ್ರಿಯಾದ ಮೇಲೆ ಅವನಿಗೆ ಎಚ್ಚರವಾಯಿತು. ತಲೆಯ ಮೇಲೆ ಕೈ ಹೊತ್ತು ಕೂತ. ಹಾಳೆ ಹರಿಯುವಂತಿಲ್ಲ, ಪುಟಕ್ಕೆಲ್ಲ ನಂಬರಿದೆ. ಹೊಡೆದು ಹಾಕುವಂತಿಲ್ಲ, ಹೊಡೆದು ಹಾಕಿದ್ದಕ್ಕೆ ಮ್ಯಾನೇಜರರ ಸಹಿ ಬೇಕು. ಇನ್ನು ಉಳಿದ ದಾರಿ ನೋಟ್‌ಪುಸ್ತಕಕ್ಕೆ ವರ್ಗಾಯಿಸುವುದು. ಹಾಗೆ ಮಾಡಿದರೆ ರಿಜಿಸ್ಟರಿನಲ್ಲಿ ಶುರುವಾದ ಲೆಕ್ಕ ಅರ್ಧಕ್ಕೆ ನಿಂತಂತಾಗುತ್ತದೆ. ಅರ್ಧಕ್ಕೆ ನಿಂತ ಎಂಟ್ರಿ! ಅವನ ಮೈ ಝುಮ್ಮೆಂದಿತು. ತಪ್ಪು ರಿಜಿಸ್ಟರಿನಲ್ಲಾದರೂ ಸರಿ, ಪೂರ್ತಿ ಬರೆಯುವುದೇ ಧರ್ಮ ಎಂದು ತೀರ್ಮಾನಿಸಿ ಮುಂದುವರಿಸಿದ. ಒಳಗೆ ಹೋದದ್ದಕ್ಕೆ ನೀಲಿಯನ್ನೂ ತೆರೆದ.

ಎಂಟೂ ಕಾಲಿಗೆ ಹೆಂಡತಿ ಒಳ್ಳೆಯ ಸುದ್ದಿ ಹೇಳಿದಳು. ಚೋಟಿ ಮೂತ್ರ ಮಾಡಿದ್ದಳು. ಇಲ್ಲಿ ಅವನ ಪೆನ್ನು ತಡವರಿಸಿತು. ಕಂಪನಿಯ ಮುದ್ರೆಯಿರುವ ಹಾಳೆಯ ಮೇಲೆ ಆ ಪದ ಬರೆಯುವುದು ಹೇಗೆ? ಡಾಕ್ಟ್ರಮ್ಮನ ಮಾತು ನೆನಪಾಯಿತು. ಮಾಲು ಎಂಬ ಮನೆಯಲ್ಲಿ ಗಂಭೀರವಾಗಿ ಬರೆದ: "ಮುಖ್ಯವಾದ್ದು."

ಹನ್ನೊಂದಕ್ಕೆ ತಪಾಸಣೆ ಸಾಹೇಬರು ಬಂದರು. ಒಂಬತ್ತು ವರ್ಷದಿಂದ ಕಳ್ಳರನ್ನು ಹುಡುಕುತ್ತಿದ್ದ ಮನುಷ್ಯ, ಒಬ್ಬನೂ ಸಿಕ್ಕಿರಲಿಲ್ಲ. ಹಾಗಾಗಿ ಎಲ್ಲರ ಮೇಲೂ ಸಮಾನ ಅನುಮಾನ. ಗೇಟಿನಲ್ಲಿ ಅವರ ಚೀಲ, ಕನ್ನಡಕದ ಡಬ್ಬಿ, ಕರವಸ್ತ್ರ ಮೂರನ್ನೂ ಎಂಟ್ರಪ್ಪ ಬರೆದುಕೊಂಡದ್ದು ಅವರಿಗೆ ಬಹಳ ಹಿಡಿಸಿತು. ಊಟ ಮುಗಿಸಿ ರಿಜಿಸ್ಟರು ತರಿಸಿದರು. ಐದು ನಿಮಿಷವಾಗಿರಲಿಲ್ಲ, ಮ್ಯಾನೇಜರರ ಕೋಣೆಯಿಂದ ಒಂದು ಕೂಗು ಎದ್ದಿತು.

"ಸಿಕ್ಕಿತು!"

ಮ್ಯಾನೇಜರರು ಓಡಿ ಬಂದರು. ಮೇಸ್ತ್ರಿ ಓಡಿ ಬಂದ. ಸಾಹೇಬರು ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಏಳೂ ಇಪ್ಪತ್ತು. ಹಳದಿ, ನೀರಾಗಿ. ಒಂದು ಲೋಟ. ಪಾಸ್ ಇಲ್ಲ. ತೆಗೆದುಕೊಂಡವರು, ಬಕೆಟ್. ಏಳೂ ಐವತ್ತು. ಹಳದಿ, ಕೊಂಚ ಗಟ್ಟಿ. ಅರ್ಧ ಲೋಟ. ಪಾಸ್ ಇಲ್ಲ. ತೆಗೆದುಕೊಂಡವರು, ಹೆಂಡತಿ, ಬಲಗೈ. ಎಂಟೂವರೆ. ಬಿಳಿ. ಮೇಲಿನ ದಾರಿಯಿಂದ. ಷರಾ: ರಭಸ ಹೆಚ್ಚು." ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಹಳದಿ ಕೆಳಗಿಂದ ಹೋಗ್ತಿದೆ, ಬಿಳಿ ಕಾಂಪೌಂಡಿನ ಮೇಲಿಂದ ಹೋಗ್ತಿದೆ. ಹೆಂಡತಿನೂ ಶಾಮೀಲು!"

"ಆದ್ರೆ ಸಾರ್," ಎಂದ ಮೇಸ್ತ್ರಿ, "ಕದಿಯೋನು ಬರೆದಿಟ್ಟು ಕದೀತಾನಾ?"

"ಅದೇ ಜಾಣತನ! ಬರೆದಿಟ್ರೆ ಯಾರಿಗೂ ಅನುಮಾನ ಬರಲ್ಲ ಅಂತ. ಈಗ ಈ ನೀಲಿ ರಿಜಿಸ್ಟರು ನೋಡ್ರಿ. ಪುಡಿ ಕಲಸಿದ ನೀರು, ಎರಡು ಚಮಚ. ಐದು ನಿಮಿಷ ಬಿಟ್ಟು ಮತ್ತೆ ಎರಡು ಚಮಚ. ಇದೇನು ಗೊತ್ತಾಯ್ತಾ? ಕದ್ದಷ್ಟು ಬಣ್ಣಕ್ಕೆ ನೀರು ತುಂಬಿಸ್ತಿದಾನೆ! ಚಮಚದಲ್ಲಿ! ಯಾರಿಗೂ ಗೊತ್ತಾಗ್ದ ಹಾಗೆ!"

ಒಂಬತ್ತು ವರ್ಷ ಕಾದ ಮೇಲೆ ಹೊಳೆಯುವ ಬುದ್ಧಿಯೇ ಹೀಗಿರುತ್ತದೆ. ಸಾಹೇಬರು ನಿಂಬೆ ಹಳದಿಯ ಡಬ್ಬ ಒಡೆಸಿ, ಉಪ್ಪು ಸಕ್ಕರೆ ಇದೆಯೇ ಪರೀಕ್ಷಿಸು ಎಂದು ಮೇಸ್ತ್ರಿಗೆ ಹೇಳಿದರು. ಪರೀಕ್ಷೆಯ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಸಂಬಳದ ಮನುಷ್ಯ ಕೆಟ್ಟಿರಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿಕೊಂಡು, ಉಗಿದು, ಬಾಯಿ ತೊಳೆದು ಬಂದ.

"ಸಿಹಿ ಇದೆಯಾ?"

"ಬದುಕು ಕಹಿ ಆಗಿದೆ ಸಾರ್."

"ಇರ್ಲಿ. ಕೊನೇದು ಕೇಳ್ರಿ," ಎಂದು ಸಾಹೇಬರು ದನಿ ತಗ್ಗಿಸಿದರು. "ಎಂಟೂ ಕಾಲು. ಮುಖ್ಯವಾದ್ದು, ಒಂದು ಸಲ ಬಂದಿದೆ. ಆಮೇಲೆ ಪ್ರತಿ ಗಂಟೆಗೆ ಒಂದು ಷರಾ. ಮುಖ್ಯವಾದ್ದು ಇನ್ನೂ ಬಂದಿಲ್ಲ. ಮುಖ್ಯವಾದ್ದು ಇನ್ನೂ ಬಂದಿಲ್ಲ. ನಾಲ್ಕೂ ಕಾಲಿನೊಳಗೆ ಬರಲೇಬೇಕು. ಬರದಿದ್ದರೆ ಡಾಕ್ಟರ್." ಅವರು ಸುತ್ತ ನೋಡಿದರು. "ಈ ಡಾಕ್ಟರ್ ಅನ್ನೋನೇ ಗ್ಯಾಂಗಿನ ಯಜಮಾನ."

ಗೇಟಿಗೆ ಬೀಗ ಬಿತ್ತು. ಹೊರಗೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಗೇಟಿನ ಫೋನಿನ ಕರೆಗಳು ಮ್ಯಾನೇಜರರ ಮೇಜಿನ ಸ್ಪೀಕರ್ ಫೋನಿಗೇ ಬರುವಂತೆ ಮಾಡಿಸಿ, ಎಂಟ್ರಪ್ಪನನ್ನು ಎಳೆತಂದು ಕುರ್ಚಿಯಲ್ಲಿ ಕೂರಿಸಿದರು.

ಎಂಟ್ರಪ್ಪನಿಗೆ ತನ್ನ ಅಪರಾಧ ಗೊತ್ತಿತ್ತು. ಕಂಪನಿಯ ರಿಜಿಸ್ಟರಿನಲ್ಲಿ ಮನೆಯ ವಿಷಯ ಬರೆದದ್ದು. ಒಂದು ಕಣ್ಣು ಗೋಡೆ ಗಡಿಯಾರದ ಮೇಲೆ. ಮೂರೂ ಹತ್ತು. ಎಂಟೂ ಕಾಲಿಂದ ಚೋಟಿ ಮೂತ್ರ ಮಾಡಿರಲಿಲ್ಲ.

"ಕೇಳಿದ್ದಕ್ಕಷ್ಟೇ ಉತ್ತರ. ಕಥೆ ಬೇಡ," ಎಂದರು ಸಾಹೇಬರು. "ಇದೆಲ್ಲ ಬರೆದಿದ್ದು ನೀವೇನಾ?"

"ನಾನೇ ಸಾರ್. ತಪ್ಪಾಯ್ತು."

ಸಾಹೇಬರು ಮ್ಯಾನೇಜರರ ಕಡೆ ಗೆಲುವಿನ ನೋಟ ಬೀರಿದರು. "ನಿಮ್ಮ ಹೆಂಡತಿ ಹಳದಿ ತಗೊಂಡಿದ್ದು ನಿಜಾನಾ?"

"ನಿಜ ಸಾರ್. ಅವಳು ಬೇಕು ಅಂತ ತಗೊಂಡಿಲ್ಲ. ಅಡ್ಡ ಬಂದಳು."

"ಎಲ್ಲ ಕಳ್ಳರೂ ಇದೇ ಹೇಳೋದು. ಇನ್ನೂ ಯಾರಾರು ತಗೊಂಡಿದಾರೆ?"

"ನಿನ್ನೆ ನಾನು ಸಾರ್. ಎಡ ಹೆಗಲಿಗೆ."

"ಹೆಗಲ ಮೇಲೆ ಹೊತ್ಕೊಂಡು! ಹಾಡಹಗಲಲ್ಲಿ! ಯಾರು ಕೊಟ್ಟಿದ್ದು?"

"ಚೋಟಿ ಸಾರ್."

ಸಾಹೇಬರು "ಚೋಟಿ" ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. "ಎಷ್ಟು ವರ್ಷ?"

"ನಾಲ್ಕು ಸಾರ್."

"ನಾಲ್ಕು ವರ್ಷದಿಂದ ನಡೀತಿದೆ!" ಮ್ಯಾನೇಜರರು ಕುರ್ಚಿಯ ಕೈ ಹಿಡಿದುಕೊಂಡರು. ನಾಲ್ಕು ವರ್ಷವೂ ಅಲ್ಲಿ ಮ್ಯಾನೇಜರಾಗಿದ್ದವರು ಅವರೇ. "ಈ ಡಾಕ್ಟರಿಗೂ ನಿಮಗೂ ಏನು ಸಂಬಂಧ?"

"ಎಷ್ಟು ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು ಅಂತ ಬರೆಯೋಕೆ ಹೇಳಿದ್ದೇ ಅವರು ಸಾರ್. ಸಂಜೆ ತಂದು ತೋರಿಸ್ಬೇಕು."

"ಲೆಕ್ಕ ಒಪ್ಪಿಸ್ಬೇಕು! ನೋಡಿದ್ರಾ! ಇಂಥ ವ್ಯವಸ್ಥೆ ನಮ್ಮ ಹೆಡ್ ಆಫೀಸಲ್ಲೂ ಇಲ್ಲ."

ಆಗ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಮೂರೂ ಮುಕ್ಕಾಲು. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಸ್ಪೀಕರ್ ಒತ್ತಿದರು. "ಮಾತಾಡಿ. ನಾವಿರೋದು ಗೊತ್ತಾಗ್ಬಾರ್ದು," ಎಂದು ಪಿಸುಗುಟ್ಟಿದರು. ಕೋಣೆಯಲ್ಲಿದ್ದವರೆಲ್ಲ ಮೈಯೆಲ್ಲ ಕಿವಿಯಾದರು.

"ರೀ, ಇನ್ನೂ ಬಂದಿಲ್ಲ ರೀ."

"ಮುಖ್ಯವಾದ್ದಾ?"

"ಹೂಂ. ಬೇರೆಯದೆಲ್ಲ ಬಂತು. ಅದೊಂದು ಬಂದಿಲ್ಲ."

ಸಾಹೇಬರು ಮುಷ್ಟಿ ಬಿಗಿದು ಮೇಸ್ತ್ರಿಗೆ ಕಣ್ಣು ಹೊಡೆದರು.

"ನೀರು ಕೊಟ್ಟೆಯಾ?"

"ಎರಡೆರಡೇ ಚಮಚ ಕೊಡ್ತಿದೀನಿ. ಒಂದು ಗಂಟೆಯಿಂದ ವಾಂತಿ ಆಗಿಲ್ಲ, ಕುಡಿದಿದ್ದು ನಿಂತಿದೆ. ಆದ್ರೂ ಬರ್ತಿಲ್ಲ. ಸುಸ್ತಾಗಿ ಹೋಗಿದಾಳೆ ರೀ. ಗೊಂಬೆ ಕೊಟ್ರೂ ಕೈ ಚಾಚಲ್ಲ. ಅಮ್ಮನ ತೊಡೆ ಮೇಲೆ ಮಲಗಿಸಿದೀನಿ. ಬೆಳಿಗ್ಗೆಯಿಂದ ಒಬ್ಳೇ... ನಂಗೆ ಭಯ ಆಗ್ತಿದೆ ರೀ. ನೀವು ಬಂದ್ಬಿಡಿ. ಆ ನಿಮ್ಮ ಹಾಳು ಗೇಟು ಎಲ್ಲೂ ಓಡಿ ಹೋಗಲ್ಲ."

ಅವಳು ಅಳತೊಡಗಿದಳು. ಸಾಹೇಬರ ಬಿಗಿದ ಮುಷ್ಟಿ ಗಾಳಿಯಲ್ಲೇ ನಿಂತಿತ್ತು. ಅದನ್ನು ಎಲ್ಲಿಡುವುದೆಂದು ಅವರಿಗೆ ತೋಚಲಿಲ್ಲ. ಫೋನು ಕಟ್ಟಾಯಿತು.

"ವಾಂತಿ ಅಂದ್ರಲ್ಲ," ಎಂದರು ಸಾಹೇಬರು. "ಯಾರು... ಮಲಗಿರೋದು?"

"ಚೋಟಿ ಸಾರ್. ನನ್ನ ಮಗಳು. ನಿನ್ನೆಯಿಂದ ವಾಂತಿ ಭೇದಿ."

ಸಾಹೇಬರು ರಿಜಿಸ್ಟರನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಮೊದಲ ಸಾಲಿನಿಂದ ಓದಿದರು. ತುಟಿ ಅಲುಗುತ್ತಿತ್ತು. "ಹಳದಿ, ನೀರಾಗಿ..."

"ಹೌದು ಸಾರ್."

"ಬಿಳಿ, ಮೇಲಿನ ದಾರಿ..."

"ಹಾಲು ಕುಡಿದಿದ್ಳು ಸಾರ್."

"ಮತ್ತೆ ಈ ಮುಖ್ಯವಾದ್ದು?"

ಎಂಟ್ರಪ್ಪ ತಲೆ ತಗ್ಗಿಸಿದ. "ಉಚ್ಚೆ ಸಾರ್. ಕಂಪನಿ ರಿಜಿಸ್ಟರಲ್ಲಿ ಹಾಗೆ ಬರೆಯೋಕೆ ನಾಚಿಕೆ ಆಯ್ತು."

ಮೂಲೆಯಿಂದ ಮೇಸ್ತ್ರಿಯ ಸಣ್ಣ ದನಿ ಬಂತು. "ಸಾರ್, ನಾನು ನೆಕ್ಕಿದ್ದು ಬಣ್ಣಾನೇ ತಾನೇ?"

ಎಂಟ್ರಪ್ಪ ಎದ್ದು ನಿಂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ದನಿ ಏರಿತು. "ಬೆಳಿಗ್ಗೆ ರಜಾ ಕೇಳಿದೆ ಸಾರ್. ನಕ್ಕರು. ನಾಲ್ಕೂ ಕಾಲಿಗೆ ಎಂಟು ಗಂಟೆ ಆಗುತ್ತೆ. ಅಲ್ಲೀತನಕ ನಾನಿಲ್ಲಿ ನಲವತ್ತು ಲೀಟರಿಗೆ ಉತ್ತರ ಹೇಳ್ತಾ ಕೂತಿರ್ಬೇಕಾ? ಕದ್ದಿದ್ರೆ ಹಿಡ್ಕೊಳ್ಳಿ. ಇಲ್ದಿದ್ರೆ ಬಿಡಿ. ನನ್ನ ಗೇಟಿಂದ ಒಂದು ತೊಟ್ಟು ಹಳದಿ ಹೋಗಿಲ್ಲ."

"ಹೋಗ್ರೀ, ಮೊದಲು ಹೋಗಿ," ಎಂದರು ಸಾಹೇಬರು.

"ಹೇಗೆ ಸಾರ್ ಬಿಡೋದು?" ಮ್ಯಾನೇಜರರು ನಡುವೆ ಬಾಯಿ ಹಾಕಿದರು. "ಗೇಟಿಗೆ ಬದಲಿ ಇಲ್ಲ. ಹೊರಗೆ ಎಂಟು ಲಾರಿ ನಿಂತಿವೆ. ರಜಾ ನಿಯಮ ಹದಿನಾಲ್ಕರ ಪ್ರಕಾರ, ಸ್ವಂತ ಕಾಯಿಲೆ ಆಗಿದ್ರೆ ಮಾತ್ರ..."

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಪಕ್ಕದ ಗೋಡೆಗೆ ಅಂಗೈಯಿಂದ ಫಟ್ಟೆಂದು ಹೊಡೆದರು. ಹೊಡೆದ ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಕೊಂಚ ಅಂಟಿಕೊಂಡಿತು. ಅಂಗೈ ನೋಡಿಕೊಂಡರು. ಹಳದಿ. ಗೋಡೆ ನೋಡಿದರು. ನಾಲ್ಕೂ ಗೋಡೆ ಹಳದಿ, ಮೇಲೆ ಸೂರೂ ಹಳದಿ, ಬಾಗಿಲಾಚೆ ಹಜಾರವೂ ಹಳದಿ. ಒಳ್ಳೆಯ ಗಮಗಮಿಸುವ ನಿಂಬೆ ಹಳದಿ. ಇಷ್ಟು ಹೊತ್ತು ಅವರು ಕದ್ದ ಮಾಲಿನ ಹೊಟ್ಟೆಯೊಳಗೇ ಕೂತು ಕಳ್ಳನನ್ನು ಹುಡುಕುತ್ತಿದ್ದರು.

"ಎಷ್ಟು ಹಿಡೀತು?" ಎಂದರು ಸಾಹೇಬರು, ಬಹಳ ಮೆತ್ತಗೆ.

ಮ್ಯಾನೇಜರರ ಮುಖ ಹುಳ್ಳಗಾಯಿತು. ಮೇಸ್ತ್ರಿ ಸೂರು ನೋಡುತ್ತ ಹೇಳಿದ, "ಎರಡು ಸಲ ಬಳಿಯೋಕೆ ನಲವತ್ತು ಲೀಟರ್ ಸಾರ್. ಸಾಹೇಬರು ಬರ್ತಾರೆ, ಕೋಣೆ ಚೆನ್ನಾಗಿರ್ಲಿ ಅಂತ ಮ್ಯಾನೇಜರ್ರೇ ಹೇಳಿದ್ದು."

ಮ್ಯಾನೇಜರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಗಡಿಯಾರದಲ್ಲಿ ಮೂರೂ ಐವತ್ತೆಂಟು. ನಾಲ್ಕು ಕೈ ಒಟ್ಟಿಗೆ ಫೋನಿಗೆ ಹೋದವು.

"ಬಂತು ರೀ! ಬಂತು!"

ಎಂಟ್ರಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಸಾಹೇಬರೇ ಫೋನಿನ ಮೇಲೆ ಬಗ್ಗಿ ಕೂಗಿದರು. "ಎಷ್ಟು ತಾಯೀ? ಎಷ್ಟು ಬಂತು?"

ಅಪರಿಚಿತ ದನಿಗೆ ಹೆಂಡತಿ ಬೆಚ್ಚಲೂ ಇಲ್ಲ. ಆ ಗಳಿಗೆಯಲ್ಲಿ ಯಾರು ಕೇಳಿದ್ದರೂ ಹೇಳುತ್ತಿದ್ದಳು. "ಅಮ್ಮ ಪೂರ್ತಿ ಒದ್ದೆ!"

ಹಿಂದಿನಿಂದ ಅತ್ತೆಯ ಕೂಗು ಕೇಳಿತು. ನೀರೂ ಬೇಡ ಎಂದಿದ್ದ ಅದೇ ಅತ್ತೆ. "ಅಳಿಯಂದಿರೇ, ತೊಡೆಯಿಂದ ಪಾದದವರೆಗೂ ಇಳಿದಿದೆ! ಬೆಚ್ಚಗಿದೆ! ನಾನು ಏಳಲ್ಲ, ಇನ್ನೂ ಬರೋದಿದ್ರೆ ಬರ್ಲಿ! ಬಿಸ್ಕತ್ತು ಬೇಕು ಅಂತಿದಾಳೆ ನಿಮ್ಮ ಮಗಳು!"

ಮೇಸ್ತ್ರಿ ಚಪ್ಪಾಳೆ ತಟ್ಟಿದ. ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಈ ಸಲ ಮ್ಯಾನೇಜರರು ನಗುವವರ ಸರದಿಯಲ್ಲಿ ಕೊನೆಯವರಾದರು.

ಎಂಟ್ರಪ್ಪ ಕೆಂಪು ರಿಜಿಸ್ಟರು ಎಳೆದುಕೊಂಡ. ಮೂರೂ ಐವತ್ತೆಂಟು ಎಂದು ಬರೆದು, ಮಾಲು ಎಂಬ ಮನೆಯ ಮುಂದೆ ಪೆನ್ನು ನಿಲ್ಲಿಸಿದ.

"ಸರಿಯಾಗಿ ಬರೀರಿ," ಎಂದರು ಸಾಹೇಬರು. "ಉಚ್ಚೆ ಅಂತಲೇ ಬರೀರಿ. ಇದರಲ್ಲಿ ನಾಚಿಕೆ ಏನು? ಪ್ರಮಾಣ, ತೊಡೆಯಿಂದ ಪಾದದವರೆಗೆ. ತೆಗೆದುಕೊಂಡವರು?"

"ಅತ್ತೆ," ಎಂದು ಬರೆದ ಎಂಟ್ರಪ್ಪ. "ಸಾರ್, ಪಾಸಿಲ್ಲದ್ದಕ್ಕೆ ಮ್ಯಾನೇಜರ್ ಸಾಹೇಬರ ಸಹಿ ಬೇಕು."

ಸಾಹೇಬರು ತಮ್ಮ ಹಳದಿ ಅಂಗೈಯನ್ನು ಮ್ಯಾನೇಜರರ ಮುಖದ ಮುಂದೆ ಹಿಡಿದರು. ಮ್ಯಾನೇಜರರು ಸಹಿ ಹಾಕಿದರು. ಬೆಳಿಗ್ಗೆಯಿಂದ ಬಿದ್ದಿದ್ದ ರಜಾ ಅರ್ಜಿಯ ಮೇಲೂ, ಯಾರೂ ಕೇಳದೆಯೇ, ಇನ್ನೊಂದು ಸಹಿ ಹಾಕಿದರು. ಒಂದು ದಿನಕ್ಕೆ ಕೇಳಿದ್ದನ್ನು ತಿದ್ದಿ ನಾಲ್ಕು ದಿನ ಮಾಡಿದರು.

"ಈಗ ಗೇಟಲ್ಲಿ ಯಾರು ಸಾರ್?" ಎಂದ ಎಂಟ್ರಪ್ಪ. ಕಾಲು ಬಾಗಿಲಾಚೆ, ತಲೆ ಇನ್ನೂ ಬಾಗಿಲೊಳಗೆ.

"ನಾನು ಕೂರ್ತೀನಿ ಕಣ್ರೀ. ಒಂಬತ್ತು ವರ್ಷದಿಂದ ಇಂಥ ರಿಜಿಸ್ಟರು ಓದ್ತಿದೀನಿ. ಒಂದು ದಿನ ಬರೆಯೋಕಾಗಲ್ವಾ? ಓಡಿ. ಮಗುನ ಒಂದ್ಸಲ ಡಾಕ್ಟ್ರಮ್ಮನಿಗೆ ತೋರ್ಸಿ. ಅಲ್ಲಿಂದ ಫೋನ್ ಮಾಡಿ."

ಐದೂವರೆಗೆ ಗೇಟಿನ ಹೊರಗೆ ಕಡೆಯ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಇಳಿದು ಬಂದು ಕಿಟಕಿಯಲ್ಲಿ ಇಣುಕಿದ. ಒಳಗೆ ಕೋಟು ತೊಟ್ಟ ಹೊಸ ಕಾವಲುಗಾರನೊಬ್ಬ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೆಂಪು ರಿಜಿಸ್ಟರಿನ ಮೇಲೆ ಬಗ್ಗಿ ಕೂತಿದ್ದ.

"ಅಣ್ಣಾ, ನಲವತ್ತು ಡಬ್ಬ, ಪಾಸಿದೆ, ಬಿಡಿ ಅಣ್ಣಾ!"

"ಸ್ವಲ್ಪ ತಡೆಯಪ್ಪ!" ಎಂದು ಸಾಹೇಬರು ಹಳದಿ ಕೈ ಎತ್ತಿ ಅವನನ್ನು ನಿಲ್ಲಿಸಿದರು. "ಹಾಂ, ಹೇಳಿ ಎಂಟ್ರಪ್ಪನೋರೇ. ಮತ್ತೆ ಬಂತಾ? ಡಾಕ್ಟ್ರಮ್ಮನ ಮುಂದೇನಾ? ಭೇಷ್! ಗಾಬರಿ ಏನೂ ಇಲ್ಲ ಅಂದ್ರಾ? ಸಂತೋಷ. ಎಷ್ಟು ಹೊತ್ತಿಗೆ? ಐದೂ ಇಪ್ಪತ್ತು. ಬರ್ಕೊಂಡೆ. ಈಗ ನಿಧಾನಕ್ಕೆ ಹೇಳಿ, ಯಾರ ಮೇಲೆ?"